ಕೊಕ್ಕನೂರವ್ವ ಎಂಬ ಹೆಸರು

ನನ್ನ ಅತ್ತೆಯ ನಿಜವಾದ ಹೆಸರು ನನಗೆ ಗೊತ್ತಾದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡಿಸಲು ಅವರನ್ನು ಕರೆದುಕೊಂಡು ಹೋದಾಗ. ಅಲ್ಲಿಯ ಹುಡುಗಿ ಕಂಪ್ಯೂಟರ್ ನೋಡಿ ಒಂದು ಹೆಸರು ಕೂಗಿದಳು. ನಾವಿಬ್ಬರೂ ಸುಮ್ಮನೆ ಕೂತಿದ್ದೆವು. ಮತ್ತೊಮ್ಮೆ ಕೂಗಿದಾಗ ಅತ್ತೆ ನನ್ನ ಮೊಣಕೈ ತಿವಿದು, "ನನ್ನ ಕರಿಯಾಕತ್ಯಾಳ ಅನಸ್ತೈತೆ, ಏಳು" ಎಂದರು. ಹರಿಹರದ ನಮ್ಮ ಓಣಿಯಲ್ಲಿ ಅವರನ್ನು ಆ ಹೆಸರಿನಿಂದ ಕರೆದವರು ಯಾರೂ ಇರಲಿಲ್ಲ. ಕೊಕ್ಕನೂರಿನಿಂದ ಸೊಸೆಯಾಗಿ ಬಂದಿದ್ದರು. ಮೊದಮೊದಲು ಕೊಕ್ಕನೂರಾಕಿ, ಮಗ ಹುಟ್ಟಿದ ಮೇಲೆ ಕೊಕ್ಕನೂರವ್ವ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹಾಗೆಯೇ. ಹುಟ್ಟಿದಾಗ ಇಟ್ಟ ಹೆಸರು ತವರಲ್ಲೇ ಉಳಿಯುತ್ತದೆ, ತವರೂರಿನ ಹೆಸರು ಗಂಡನ ಮನೆಗೆ ಬರುತ್ತದೆ.

ಮಾವ ಊರಿನ ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಾರ್ಖಾನೆ ಬಾಗಿಲು ಹಾಕಿತು. ಅದಾದ ಕೆಲವು ವರ್ಷಕ್ಕೆ ಮಾವನೂ ತೀರಿಕೊಂಡರು. ನಮ್ಮ ಯಜಮಾನರು ಆಗಿನ್ನೂ ಶಾಲೆಗೆ ಹೋಗುವ ವಯಸ್ಸು. ಅತ್ತೆಗೆ ಕೈಯಲ್ಲಿದ್ದದ್ದು ಅಡುಗೆಯೊಂದೇ. ಅದರಲ್ಲೂ ಓಣಿಯವರು ಬಟ್ಟಲು ಹಿಡಿದು ಬಂದು ಇಸಿದುಕೊಂಡು ಹೋಗುತ್ತಿದ್ದದ್ದು ಅವರ ಗುರೆಳ್ಳು ಪುಡಿ. ಅದನ್ನೇ ಮಾರಲು ಶುರುಮಾಡಿದರು.

ಗುರೆಳ್ಳು ಎಂದರೆ ಹುಚ್ಚೆಳ್ಳು. ಅದರ ಪುಡಿಯನ್ನು ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಹುಳಿಗೆ ಹುಣಸೆಹಣ್ಣು ಹಾಕುತ್ತಾರೆ. ಅತ್ತೆ ಹುಣಸೆ ಮುಟ್ಟುತ್ತಿರಲಿಲ್ಲ. ಹುಳಿಯಿರುವ ಪುಂಡಿ ಸೊಪ್ಪನ್ನು ನೆರಳಲ್ಲಿ ಒಣಗಿಸಿಟ್ಟುಕೊಂಡು, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಹುರಿದ ಗುರೆಳ್ಳು, ಒಣಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಉಪ್ಪು ಎಲ್ಲ ಸೇರಿಸಿ ಒರಳಲ್ಲಿ ಕುಟ್ಟುತ್ತಿದ್ದರು. ಅಳತೆ ಇರಲಿಲ್ಲ. ಒನಕೆಯ ಸದ್ದು ಮೆತ್ತಗಾದಾಗ ನಿಲ್ಲಿಸಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಇನ್ನಿಷ್ಟು ಏನು ಬೇಕೋ ಅದನ್ನು ಸೇರಿಸುತ್ತಿದ್ದರು. ಬಿಸಿ ಜೋಳದ ರೊಟ್ಟಿಗೆ ಗಟ್ಟಿ ಮೊಸರು ಹಾಕಿಕೊಂಡು ಅದರ ಮೇಲೆ ಆ ಪುಡಿ ಉದುರಿಸಿಕೊಂಡರೆ ಮೊದಲು ಖಾರ, ಆಮೇಲೆ ಗುರೆಳ್ಳಿನ ಜಿಡ್ಡು, ಎಲ್ಲ ಮುಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಪುಂಡಿಯ ಹುಳಿ ಬರುತ್ತಿತ್ತು.

ನಾನು ಪಿಯುಸಿ ಓದಿ ಬಂದವಳು. ಪೊಟ್ಟಣದೊಳಗೆ ಇಡುವ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಕೊಕ್ಕನೂರವ್ವನ ಗುರೆಳ್ಳು ಪುಡಿ' ಎಂದು ಬರೆಯುತ್ತಿದ್ದೆ. ವಾರಕ್ಕೊಮ್ಮೆ ಚೀಲ ತುಂಬಿಸಿಕೊಂಡು ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿಗೆ ಹಾಕಿ ಬರುತ್ತಿದ್ದೆವು. ಅಂಗಡಿಯ ಸಾಹುಕಾರರು ಹಣೆತುಂಬ ವಿಭೂತಿ ಹಚ್ಚಿ ಗಲ್ಲಾದ ಹಿಂದೆ ಕೂತಿರುತ್ತಿದ್ದ ಹಿರಿಯರು. ಗಿರಾಕಿಗಳು ಬಂದು ಪುಡಿಯ ಹೆಸರನ್ನು ಪೂರ್ತಿ ಹೇಳುತ್ತಿರಲಿಲ್ಲ. "ಕೊಕ್ಕನೂರವ್ವ ಬಂದಾಳೇನ್ರಿ?" ಎಂದು ಕೇಳುತ್ತಿದ್ದರು. ಒಮ್ಮೆ ಅತ್ತೆ ಅಲ್ಲೇ ಅಕ್ಕಿ ಮೂಟೆಗೆ ಒರಗಿ ನಿಂತಿದ್ದವರು, "ಬಂದೀನ್ರಿ" ಎಂದುಬಿಟ್ಟರು. ಅಂಗಡಿಯೆಲ್ಲ ನಕ್ಕಿತು. ಸಾಹುಕಾರರು ಚಹಾ ತರಿಸಿದರು. ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಅದನ್ನೇ ನೆನೆದು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಆ ಹುಡುಗ ನಮ್ಮ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಹುಡುಗ ಎಂದರೆ ಮೂವತ್ತರ ಆಸುಪಾಸಿನವನು, ದಾವಣಗೆರೆಯ ಹಳೆಯ ಮಂಡಿ ವ್ಯಾಪಾರದ ಮನೆತನದವನು. ಕಾರನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ ನಡೆದು ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅತ್ತೆಯ ಕಾಲು ಮುಟ್ಟಿದ.

"ನಮ್ಮವ್ವ ನಿಮ್ಮ ಪುಡಿ ಬಿಟ್ರೆ ಬ್ಯಾರೆ ಮುಟ್ಟಲ್ರಿ ಅವ್ವಾರೆ. ಯಾರು ಮಾಡ್ತಾರ ಅಂತ ನೋಡಾಕ ಬಂದೆ."

ಅತ್ತೆಗೆ ಅಷ್ಟು ಸಾಕಾಗಿತ್ತು. ತಟ್ಟೆ ಹಾಕಿ ರೊಟ್ಟಿ ಬಡಿಸಿದರು. ಅವನು ಚಕ್ಕಳ ಮಕ್ಕಳ ಹಾಕಿ ಕೂತು ಉಂಡ. ಉಣ್ಣುತ್ತಲೇ ಹೇಗೆ ಮಾಡುತ್ತೀರಿ ಎಂದು ಕೇಳಿದ. ಅತ್ತೆ ಎಲ್ಲವನ್ನೂ ಹೇಳಿದರು. ಗುರೆಳ್ಳು ಯಾವ ಕಡೆಯದು ಚಲೋ, ಪುಂಡಿಯನ್ನು ಬಿಸಿಲಿಗೆ ಯಾಕೆ ಹಾಕಬಾರದು, ಎಲ್ಲ. ಅವನು ಕೇಳಿಕೊಂಡೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಅತ್ತೆ ಒರಳ ಮುಂದೆ ಕೂತು ಕುಟ್ಟಿ ತೋರಿಸಿದರು. ಅವನು ಹೋದ ಮೇಲೆ ನಾನು, "ಎಲ್ಲಾ ಯಾಕ ಹೇಳಿದ್ರಿ ಅತ್ತೆ?" ಎಂದೆ.

"ಉಣ್ಣೋ ವಸ್ತು ಮುಚ್ಚಿಡಬಾರ್ದವ್ವ. ಅವ್ರವ್ವಗೆ ಮಾಡಿಕೊಡ್ಲಿ ಬಿಡು" ಎಂದರು.

ಮುಂದಿನ ವರ್ಷ ದೀಪಾವಳಿಯ ಹೊತ್ತಿಗೆ ನಾವು ಪುಡಿಯ ಚೀಲ ಹೊತ್ತು ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಇಳಿದಾಗ ಎದುರಿಗೆ ದೊಡ್ಡ ಬೋರ್ಡು ನಿಂತಿತ್ತು. ಅದರಲ್ಲಿ ಒಬ್ಬ ಅಜ್ಜಿ. ಕೆಂಪು ಅಂಚಿನ ಇಳಕಲ್ ಸೀರೆ, ಮೂಗಿನಲ್ಲಿ ದೊಡ್ಡ ನತ್ತು, ಹಣೆಯಲ್ಲಿ ರೂಪಾಯಿಯಗಲ ಕುಂಕುಮ, ಕೈತುಂಬ ಹಸಿರು ಬಳೆ. ಎಡಗೈಯಲ್ಲಿ ರೊಟ್ಟಿ ಹಿಡಿದು ನಗುತ್ತಿದ್ದಳು. ಮೇಲೆ 'ಕೊಕ್ಕನೂರವ್ವ' ಎಂದಿತ್ತು. ಕೆಳಗೆ, 'ಅಪ್ಪಟ ಹಳ್ಳಿ ಕೈರುಚಿ'.

ಅತ್ತೆಗೆ ಓದಲು ಬರುವುದಿಲ್ಲ. ಚಿತ್ರವನ್ನೇ ನೋಡುತ್ತ, "ಯಾರವ್ವಾ ಆಕಿ, ಎಡಗೈಯಾಗ ರೊಟ್ಟಿ ಹಿಡಕೊಂಡಾಳ" ಎಂದರು.

ಯಾವುದೋ ಜಾಹೀರಾತು ಎಂದೆ. ಅವರ ಕೈ ಹಿಡಿದು ರಸ್ತೆ ದಾಟಿಸಿದೆ. ಮಂಡಿಪೇಟೆ ಮುಟ್ಟುವ ತನಕ ಅವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ನಡೆದೆ. ಹೇಳುವ ಅಗತ್ಯ ಬರಲಿಲ್ಲ. ಅಂಗಡಿಯ ಬಾಗಿಲಿಗೇ ಅದೇ ಅಜ್ಜಿಯ ಚಿತ್ರವಿದ್ದ ಹೊಳೆಯುವ ಪ್ಯಾಕೆಟ್ಟುಗಳ ಸರ ನೇತುಹಾಕಿದ್ದರು. ಸಾಹುಕಾರರು ನಮ್ಮನ್ನು ನೋಡಿ ಎದ್ದು ನಿಂತರು. ಅವರು ಎಂದೂ ಎದ್ದು ನಿಂತವರಲ್ಲ.

"ಕೂಡ್ರಿ ಅವ್ವಾರೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹೆಂಗೆ ಹೇಳ್ಲಿ ಅಂತ ಗೊತ್ತಾಗವಲ್ದು. ನಿಮ್ಮನೀಗೆ ಬಂದಿದ್ದನಂತಲ್ಲ, ಆ ಹುಡುಗನ ಕಂಪನೀದಂತೆ ಇದು. ಹೆಸರು ಅವ್ರ ಹೆಸರಿಗೆ ರಿಜಿಸ್ಟರ್ ಆಗೈತಂತೆ. ಇದೇ ಹೆಸರಿನ್ಯಾಗ ಬ್ಯಾರೆ ಮಾಲು ಇಡಬ್ಯಾಡ್ರಿ ಅಂತ ಕಂಪನಿಯವ್ರು ಹೇಳಿ ಹೋಗ್ಯಾರ. ಗಿರಾಕಿನೂ ನಿಮ್ಮ ಪೊಟ್ಣ ನೋಡಿ ಡೂಪ್ಲಿಕೇಟ್ ಅನ್ನಾಕತ್ಯಾರ."

ಅತ್ತೆಗೆ ಅರ್ಥವಾಗಲಿಲ್ಲ. "ಏನಂತಾರ?" ಎಂದು ನನ್ನನ್ನು ಕೇಳಿದರು.

ಅಷ್ಟರಲ್ಲಿ ಸಾಮಾನು ತೆಗೆದುಕೊಳ್ಳಲು ಬಂದಿದ್ದ ಒಬ್ಬ ಹೆಂಗಸು ನಮ್ಮ ಚೀಲದಿಂದ ಒಂದು ಪೊಟ್ಟಣ ಎತ್ತಿ ಚೀಟಿ ಓದಿದಳು. ಒಳ್ಳೆಯ ಮನೆಯವಳಂತೆ ಕಂಡಳು, ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಅಜ್ಜಿ, ಬ್ಯಾರೆಯವ್ರ ಹೆಸರು ಹಾಕ್ಕೊಂಡು ಮಾರಬಾರ್ದ್ರಿ. ನಿಮ್ಮ ಹೆಸರಿನ್ಯಾಗೇ ಮಾಡ್ರಿ. ಚಲೋ ಇದ್ರ ಜನ ತಗೊಂತಾರ" ಎಂದಳು.

"ನಾನೇ ತಾಯಿ ಕೊಕ್ಕನೂರವ್ವ" ಎಂದರು ಅತ್ತೆ.

ಆಕೆ ನಕ್ಕಳು. ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು, ಪ್ರೀತಿಯಿಂದಲೇ ನಕ್ಕಳು. ಬಾಗಿಲ ಸರದಿಂದ ಒಂದು ಪ್ಯಾಕೆಟ್ಟು ಕಿತ್ತುಕೊಂಡು ಹೋದಳು. ಅತ್ತೆ ಆ ಪ್ಯಾಕೆಟ್ಟಿನ ಅಜ್ಜಿಯನ್ನು ನೋಡಿದರು, ನನ್ನ ಮುಖ ನೋಡಿದರು. ಆಗ ಅವರಿಗೆ ಎಲ್ಲ ತಿಳಿಯಿತು. ಚೀಲದ ಬಾಯಿ ಕಟ್ಟಿದರು. ಸಾಹುಕಾರರು ಚಹಾ ತರಿಸುತ್ತೇನೆ ಎಂದದ್ದಕ್ಕೆ ಬ್ಯಾಡ್ರಿ ಎಂದರು.

ಯಜಮಾನರು ಲಗೇಜ್ ಆಟೊ ಓಡಿಸುತ್ತಾರೆ. ಮಾತು ಕಡಿಮೆ. ಆ ದಿನ ನಾನು ನಡೆದದ್ದು ಹೇಳಿದ ಮೇಲೆ ಊಟದ ತಟ್ಟೆ ಸರಿಸಿ, "ನಾಳೆ ಅವನ ಆಫೀಸಿಗೆ ಹೋಗನ" ಎಂದರು. ನಾನು ಬೇಡವೆಂದೆ, ಅವರ ಸಿಟ್ಟು ನನಗೆ ಗೊತ್ತು. ನಾನೂ ಅತ್ತೆಯೂ ಹೋದೆವು.

ದಾವಣಗೆರೆಯ ಹೊರಗೆ, ಗೋದಾಮುಗಳ ಸಾಲಿನಲ್ಲಿ ಅವನ ಆಫೀಸು. ಗೋಡೆಯ ತುಂಬ ಇಳಕಲ್ ಸೀರೆಯ ಅಜ್ಜಿ. ಅವನು ನಮ್ಮನ್ನು ಕಾಯಿಸಲಿಲ್ಲ. ಬಂದು ಮೊದಲಿನ ಹಾಗೆಯೇ ಅತ್ತೆಯ ಕಾಲು ಮುಟ್ಟಿದ. ನಾನು ಮನೆಯಿಂದ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅಲ್ಲೇ ಅರ್ಧ ಚೆದುರಿಹೋಯಿತು.

"ನಮ್ಮತ್ತೆ ಹೆಸರು ನೀವು ಹೆಂಗೆ ತಗೊಂಡ್ರಿ?" ಎಂದೆ.

"ನಾನು ಅವ್ವಾರ ಹೆಸರು ತಗೊಂಡಿಲ್ರಿ ಅಕ್ಕಾರೆ. ಕೊಕ್ಕನೂರು ಅನ್ನೋದು ಊರು. ಅವ್ವ ಅಂದ್ರ ಎಲ್ರಿಗೂ ಅವ್ವ. ಅವ್ವಾರ ಆಧಾರ್ ಕಾರ್ಡಿನ್ಯಾಗ ಏನೈತೆ ನೋಡ್ರಿ, ಅದು ಅವ್ರ ಹೆಸರು. ಅದನ್ನ ನಾನು ಮುಟ್ಟಿಲ್ಲ."

"ಯಾರದೂ ಅಲ್ಲದ ಹೆಸರು ರಿಜಿಸ್ಟರ್ ಮಾಡ್ಸಿದ್ರ ನಿಮ್ಮದಾಗತೈತೇನು?"

"ಅದು ಲೀಗಲ್ ವಿಷಯ ಅಕ್ಕಾರೆ. ಅದೆಲ್ಲ ವಕೀಲ್ರು ನೋಡ್ಕೊಂತಾರ." ಅವನು ಗೋಡೆಯ ಅಜ್ಜಿಯ ಕಡೆ ನೋಡಿದ. "ಅವ್ವಾರ ಫೋಟೋನೇ ಹಾಕಬೇಕು ಅಂತ ನನಗೂ ಇತ್ತು. ಡಿಸೈನ್ ಮಾಡೋರು ಬ್ಯಾಡ ಅಂದ್ರು."

"ಯಾಕ?"

ಅವನ ಕಣ್ಣು ಅತ್ತೆಯ ಹಣೆಯ ಮೇಲೆ ಹೋಗಿ ಕೆಳಗಿಳಿಯಿತು. ಅತ್ತೆಯೇ ಹೇಳಿದರು, "ಕುಂಕುಮ ಇಲ್ಲ ಅಂತ."

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಆದರೆ ಅತ್ತೆ ಕೂತೇ ಇದ್ದರು. "ಪುಂಡಿ ಹಾಕಿಯೇನಪ್ಪ?" ಎಂದು ಕೇಳಿದರು. ಇಲ್ಲವೆಂದ. ಪುಂಡಿ ಹಾಕಿದರೆ ಕೆಲವು ತಿಂಗಳಲ್ಲಿ ಬಣ್ಣ ತಿರುಗುತ್ತದಂತೆ, ಅದಕ್ಕೆ ಹುಳಿಯ ಪುಡಿ ಮತ್ತು ಸಕ್ಕರೆ ಹಾಕುತ್ತಾರಂತೆ.

"ನಿಮ್ಮವ್ವ ಇದನ್ನ ಉಣ್ತಾಳ?"

ಅವನು ಮುಖ ಕೆಳಗೆ ಮಾಡಿದ. "ಅವ್ವ ಹೋದ ಶ್ರಾವಣದಾಗ ತೀರಿಕೊಂಡ್ಲು ಅವ್ವಾರೆ. ಕಡೀ ದಿನದಾಗೂ ಕೊಕ್ಕನೂರವ್ವ ಹಾಕ್ರಿ ಕೊಕ್ಕನೂರವ್ವ ಹಾಕ್ರಿ ಅಂತಿದ್ಲು. ಬಾಯಿಗೆ ಏನೂ ಸೇರ್ತಿರ್ಲಿಲ್ಲ, ಗಂಜಿಗೆ ಒಂಚೂರು ನಿಮ್ಮ ಪುಡಿ ಹಾಕಿದ್ರ ಮಾತ್ರ ನುಂಗ್ತಿದ್ಲು. ಅದಕ್ಕ ಈ ಹೆಸರೇ ಇರ್ಲಿ ಅಂತ ಇಟ್ಟೆ."

ಸುಳ್ಳು ಹೇಳುವವನ ಮುಖವಲ್ಲ ಅದು. ಅವನ ಕಣ್ಣು ತುಂಬಿತ್ತು. ಅತ್ತೆ ಕೈ ಚಾಚಿ ಅವನ ತೋಳು ಸವರಿದರು. "ಸಮಾಧಾನ ಮಾಡ್ಕೊಳಪ್ಪ" ಎಂದರು. ಜಗಳಕ್ಕೆ ಹೋದವರು ಸಾವಿನ ಮನೆಗೆ ಹೋದವರ ಹಾಗೆ ಕೂತು ಎದ್ದು ಬಂದೆವು. ಬರುವಾಗ ಅವನು ಒಂದು ಡಬ್ಬಿ ತುಂಬ ಪ್ಯಾಕೆಟ್ಟು ಕೊಟ್ಟ. ಅತ್ತೆ ತೆಗೆದುಕೊಂಡರು.

ಯಜಮಾನರು ಆ ಡಬ್ಬಿ ನೋಡಿ ಕೆಂಡವಾದರು. ಆದರೆ ತಾಯಿಯ ಎದುರು ಕೂಗಾಡುವವರಲ್ಲ. ಗೆಳೆಯರ ಕಡೆಯಿಂದ ಹರಿಹರದ ಒಬ್ಬ ವಕೀಲರನ್ನು ಹಿಡಿದರು. ವಕೀಲರು ಕೇಳಿಸಿಕೊಂಡು, ಕಷ್ಟ ಎಂದರು. ಈ ಥರದ ಪುಡಿ ಕೊಕ್ಕನೂರಿನ ಹಳೆಯ ವಾಡಿಕೆ, ಅಲ್ಲಿಯ ಹೆಣ್ಣುಮಗಳು ಅದನ್ನು ತಂದು ಇಲ್ಲಿ ಮಾಡುತ್ತಾಳೆ ಎಂದು ಊರಿನ ಹಿರಿಯರು ಹೇಳಿದರೆ ಒಂದು ದಾರಿ ನೋಡಬಹುದು ಎಂದರು. ನಮಗೆ ಅಷ್ಟೇ ಸಾಕಾಯಿತು. ಮರುದಿನವೇ ಮೂವರೂ ಆಟೊದಲ್ಲಿ ಕೊಕ್ಕನೂರಿಗೆ ಹೊರಟೆವು. ದಾರಿಯುದ್ದಕ್ಕೂ ಭತ್ತ ಹೊಡೆ ಬಿಟ್ಟಿತ್ತು. ನಾನು ಹುರುಪಿನಿಂದ ಮಾತಾಡುತ್ತಿದ್ದೆ, ಅತ್ತೆ ಮಾತಾಡಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡೆ.

ಅತ್ತೆಯ ಅಣ್ಣ ಈಗಿಲ್ಲ, ಅವರ ಹೆಂಡತಿ ಇದ್ದಾರೆ, ಅತ್ತೆಗಿಂತ ಹಿರಿಯರು. ಅವರ ಮಗ ಗದ್ದೆ ನೋಡಿಕೊಂಡಿದ್ದಾನೆ. ನಾವು ವಿಷಯ ಎತ್ತುವ ಮೊದಲೇ ಅವನು, "ನಮ್ಮೂರ ಹೆಸರು ಬಸ್ ಸ್ಟ್ಯಾಂಡಿನ್ಯಾಗ ಹಾಕ್ಯಾರ, ನೋಡಿದ್ರೇನತ್ತೆ? ಊರಿಗೂರೇ ಖುಷಿಯಾಗೈತೆ" ಎಂದ. ಅವರ ಮನೆಯ ಗೂಡಿನಲ್ಲಿಯೂ ಅದೇ ಪ್ಯಾಕೆಟ್ಟು ಇತ್ತು.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ತಲೆ ಕೆರೆದುಕೊಂಡ. ಅವನ ತಾಯಿ, ಆ ಮುದುಕಿ, ನಾವು ತಂದಿದ್ದ ನಮ್ಮ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ ನೋಡಿದರು.

"ಇದ್ರಾಗ ಪುಂಡಿ ಐತೆ" ಎಂದರು.

"ಹೌದ್ರಿ."

"ಗುರೆಳ್ಳಿಗೆ ಪುಂಡಿ ಹಾಕೋದು ನಮ್ಮೂರಾಗ ಇಲ್ಲವ್ವ. ನಮ್ಮತ್ತಿ ಮಾಡ್ತಿರ್ಲಿಲ್ಲ, ಓಣ್ಯಾಗ ಯಾರೂ ಮಾಡ್ತಿರ್ಲಿಲ್ಲ. ಇದು ಕೊಕ್ಕನೂರ ಪುಡಿ ಅಂತ ನಾನು ಹೆಂಗೆ ಹೇಳ್ಲಿ?" ಆಮೇಲೆ ನಾದಿನಿಯ ಕಡೆ ತಿರುಗಿ, "ಎಲ್ಲಿ ಕಲಿತೆ ಇದನ್ನ?" ಎಂದು ಕೇಳಿದರು.

ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ, ಬೇರೇನೂ ಇಲ್ಲದೆ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರು ಹರಿಹರದ ರೈಲ್ವೆ ಹಳಿಯ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ಪಕ್ಕದ ಮನೆಯಲ್ಲಿ ಒಬ್ಬ ಸಾಬರ ಹೆಂಗಸು ಇದ್ದಳು. ಗಂಡ ಸ್ಟೇಷನ್ನಿನಲ್ಲಿ ಹಮಾಲಿ. ರಾಯಚೂರು ಕಡೆಯವರು. ಅತ್ತೆಗೆ ಮೊದಲ ಬಸಿರು ಇಳಿದುಹೋಗಿ ಏನು ತಿಂದರೂ ವಾಂತಿಯಾಗುತ್ತಿದ್ದ ದಿನಗಳಲ್ಲಿ ಆಕೆ ಬಿಸಿ ಅನ್ನಕ್ಕೆ ಈ ಪುಡಿ ಕಲೆಸಿ ತಂದು ಉಣ್ಣಿಸಿದ್ದಳು. ಆಮೇಲೆ ಒರಳ ಮುಂದೆ ಕೂರಿಸಿಕೊಂಡು ಕಲಿಸಿದಳು. ಮುಂದೆ ಅವರು ಮನೆ ಬಿಟ್ಟು ಎಲ್ಲಿಗೋ ಹೋದರು.

"ಆಕಿ ಹೆಸರೇನು?" ಎಂದೆ.

"ಬೂಬಮ್ಮ ಅಂತಿದ್ವಿ" ಎಂದರು ಅತ್ತೆ. ಸಾಬರ ಹೆಂಗಸರನ್ನೆಲ್ಲ ನಮ್ಮ ಓಣಿಗಳಲ್ಲಿ ಹಾಗೆಯೇ ಕರೆಯುತ್ತಾರೆ.

ಆಟೊದಲ್ಲಿ ಹಿಂದಿರುಗಿದೆವು. ನಮ್ಮದು ಅಸಲಿ, ಅವನದು ನಕಲಿ ಎಂದು ಕೂಗಿಕೊಂಡು ಓಡಾಡಿದ ನನಗೆ ಬಾಯಿ ಒಣಗಿತ್ತು. ಮನೆ ಹತ್ತಿರ ಬಂದಾಗ ಅತ್ತೆ, "ಹಂಗಾರ ನಾನೂ ಕದ್ದಂಗಾತೇನವ್ವ?" ಎಂದರು.

"ಇಲ್ಲತ್ತೆ. ಆಕಿ ತಾನಾಗೇ ಕಲಿಸಿದ್ಲಲ್ಲ ನಿಮಗ."

"ಆ ಹುಡುಗನಿಗೂ ನಾನ ಕಲಿಸಿದೆ."

ಅದು ಬೇರೆ, ಇದು ಬೇರೆ ಎಂದೆ. ಆಕೆಯ ಹೆಸರನ್ನು ಅತ್ತೆ ರಿಜಿಸ್ಟರ್ ಮಾಡಿಸಿ ಕಟ್ಟಿಹಾಕಲಿಲ್ಲ, ಆಕೆ ಮಾಡಬಾರದು ಎಂದು ಯಾರಿಗೂ ಹೇಳಲಿಲ್ಲ, ಆಕೆಯನ್ನು ನಕಲಿ ಮಾಡಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಆದರೆ ಅತ್ತೆ ಕೇಳಿಸಿಕೊಳ್ಳಲಿಲ್ಲ. "ಆಕಿ ಹೆಸರಾದ್ರೂ ಕೇಳಿಟ್ಕೋಬೇಕಿತ್ತು" ಎಂದಷ್ಟೇ ಹೇಳಿದರು. ವಕೀಲರ ಹತ್ತಿರ ಮತ್ತೆ ಹೋಗಲಿಲ್ಲ.

ಆಮೇಲೆ ನಾನು ಬೇರೆ ಹೆಸರಿನ ಚೀಟಿ ಬರೆದೆ. 'ಮನೆ ಗುರೆಳ್ಳು ಪುಡಿ' ಎಂದು. ಸಾಹುಕಾರರು ಪಾಪ ಇಟ್ಟುಕೊಂಡರು, ಯಾರೂ ಮುಟ್ಟಲಿಲ್ಲ. ಒಂದಿಬ್ಬರು ಕೊಂಡವರು ಕೊಕ್ಕನೂರವ್ವನ ಹಾಗಿಲ್ಲ ಎಂದರಂತೆ. ಆ ಮಾತು ಅತ್ತೆಯ ಕಿವಿಗೆ ಬೀಳಬಾರದಿತ್ತು, ಬಿತ್ತು.

ಒಂದು ಬೆಳಿಗ್ಗೆ ನಾನು ನೀರು ತುಂಬಿಸಿ ಒಳಗೆ ಬಂದರೆ ಅತ್ತೆ ಆ ಹುಡುಗ ಕೊಟ್ಟ ಡಬ್ಬಿ ತೆಗೆದು ಒಂದು ಪ್ಯಾಕೆಟ್ಟು ಒಡೆದುಕೊಂಡು ಕೂತಿದ್ದರು. ಎಡಗಡೆ ಬಟ್ಟಲಲ್ಲಿ ಅದು, ಬಲಗಡೆ ತಮ್ಮದು. ಅದನ್ನಿಷ್ಟು ನೆಕ್ಕುವುದು, ನೀರು ಕುಡಿಯುವುದು, ಇದನ್ನಿಷ್ಟು ನೆಕ್ಕುವುದು.

"ಏನ್ ಮಾಡಾಕತ್ತೀರಿ ಅತ್ತೆ?"

"ಜನ ಕೊಕ್ಕನೂರವ್ವ ಅಂದ್ರ ಇದು ಅಂತಾರ. ಇದರಂಗ ಮಾಡಿದ್ರ ತಗೊಂತಾರೇನು ನೋಡನ."

ಬೇಡವೆಂದು ಅಂಗಲಾಚಿದೆ. ಅವರು ಪುಂಡಿ ಬಿಟ್ಟರು. ಹುಣಸೆ ಹಾಕಿದರು, ಸಾಲದೆಂದು ಸಕ್ಕರೆ ಹಾಕಿದರು, ಬೆಳ್ಳುಳ್ಳಿ ಕಡಿಮೆ ಮಾಡಿದರು. ದಿನವೂ ಕುಟ್ಟುವುದು, ಪ್ಯಾಕೆಟ್ಟಿನದಕ್ಕೆ ಹೋಲಿಸಿ ನೋಡುವುದು, ಇಲ್ಲ ಹಂಗೆ ಬಂದಿಲ್ಲ ಎನ್ನುವುದು. ಖಾರ ನೆಕ್ಕಿ ನೆಕ್ಕಿ ಅವರ ತುಟಿ ಒಡೆಯಿತು. ಯಜಮಾನರು ಒಂದು ದಿನ ಒನಕೆ ಕಿತ್ತುಕೊಂಡು ಅಟ್ಟದ ಮೇಲೆ ಹಾಕಿದರು. "ಸಾಕು ಬಿಡವ್ವ, ನಾನು ದುಡೀತೀನಿ" ಎಂದರು. ಅತ್ತೆ ಗುಂಡುಕಲ್ಲು ತೆಗೆದುಕೊಂಡು ಕುಟ್ಟತೊಡಗಿದರು. ಅವರು ಹಟಮಾರಿಯಲ್ಲ. ಹಾಗೆ ಕೂತದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ತಾವು ಯಾರು ಎಂಬುದನ್ನು ಇನ್ನೊಬ್ಬರ ಪ್ಯಾಕೆಟ್ಟಿನಿಂದ ಕಲಿಯಲು ಹೊರಟವರ ಹಾಗೆ ಕೂತಿದ್ದರು.

ಹೀಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಿತು. ಒಂದು ದಿನ ಸಾಹುಕಾರರು ಫೋನು ಮಾಡಿದರು.

"ಅಕ್ಕಾರೆ, ಕಂಪನಿ ಮಾಲು ಬರೋದು ನಿಂತೈತೆ. ಅಷ್ಟೊಂದು ನಡೀಲಿಲ್ಲಂತೆ, ಬಂದ್ ಮಾಡ್ಯಾರ. ಈಗ ಅವ್ರು ಶೇಂಗಾ ಚಿಕ್ಕಿ ಮಾಡ್ತಾರಂತೆ. ಅವ್ವಾರ ಪುಡಿ ತಗೊಂಡು ಬರ್ರಿ. ಹೆಸರಿನ ಚೀಟಿ ಬ್ಯಾಡ, ಹಂಗೇ ತರ್ರಿ, ನಾನು ಹೇಳಿ ಮಾರ್ತೀನಿ."

ನಾನು ಫೋನು ಕೈಯಲ್ಲಿ ಹಿಡಿದುಕೊಂಡೇ ಅಡುಗೆ ಮನೆಗೆ ಓಡಿದೆ. ಅತ್ತೆ ನಿಧಾನಕ್ಕೆ ಕೇಳಿಸಿಕೊಂಡರು. ಎದ್ದು ಕೈಕಾಲು ತೊಳೆದು ಹಣೆಗೆ ವಿಭೂತಿ ಇಟ್ಟುಕೊಂಡರು. ನಾನು ಅಟ್ಟದಿಂದ ಒನಕೆ ಇಳಿಸಿಕೊಟ್ಟೆ. ಸಂತೆಯಿಂದ ಪುಂಡಿ ತಂದು ನೆರಳಲ್ಲಿ ಒಣಗಿಸಿದೆ. ಗುರೆಳ್ಳು ಹುರಿಯುವಾಗ ಮನೆ ತುಂಬ ಬಂದ ಘಮಕ್ಕೆ ನನಗೆ ಅಳು ಬಂತು.

ಅವರು ಕುಟ್ಟಿದರು. ನಿಲ್ಲಿಸಿ ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದಾಗ ನನ್ನ ಕಡೆ ನೋಡಿ, "ಗೊತ್ತಾಗವಲ್ದು" ಎಂದರು. ಇನ್ನಿಷ್ಟು ಪುಂಡಿ ಹಾಕಿದರು. ಉಪ್ಪು ಹಾಕಿದರು. ಮತ್ತೆ ನೋಡಿದರು. "ನೀನು ನೋಡು" ಎಂದು ನನ್ನ ಕೈಗೆ ಹಾಕಿದರು. ಹುಳಿ ಮುಂದೆ ಬಂದಿತ್ತು, ಖಾರ ಎಲ್ಲೋ ಹಿಂದೆ ಉಳಿದಿತ್ತು. ಚಲೋ ಆಗಿದೆ ಎಂದೆ. ನಾನು ಚಲೋ ಆಗಿದೆ ಎಂದದ್ದನ್ನು ಅವರು ನಂಬಲಿಲ್ಲ. ಮರುದಿನ ಮತ್ತೆ ಮಾಡಿದರು. ಅದಕ್ಕೆ ಮರುದಿನವೂ ಮಾಡಿದರು. ನಾನೂ ಮಾಡಿ ನೋಡಿದೆ. ಇಷ್ಟು ವರ್ಷ ಅವರ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಎಸಳು ಬಿಡಿಸಿ ಕೊಟ್ಟವಳು ನಾನು. ಬರಲಿಲ್ಲ.

ಇದ್ದದ್ದರಲ್ಲಿ ಸುಮಾರಾಗಿ ಬಂದದ್ದನ್ನು ಚೀಲಕ್ಕೆ ತುಂಬಿಕೊಂಡು ನಾನೊಬ್ಬಳೇ ಮಂಡಿಪೇಟೆಗೆ ಹೋದೆ. ಕೆಲವು ದಿನದ ಮೇಲೆ ಮತ್ತೆ ಹೋದಾಗ ಸಾಹುಕಾರರು ನನ್ನ ಕಣ್ಣು ತಪ್ಪಿಸುತ್ತ ಹೇಳಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರೆ. ರುಚಿ ಬದಲಾಗೈತೆ ಅಂತಾರ. ಕಂಪನೀದೇ ಚಲೋ ಇತ್ತು, ಅದನ್ನ ಯಾಕ ನಿಲ್ಲಿಸಿದ್ರು ಅಂತ ಕೇಳಾಕತ್ಯಾರ."

ಅತ್ತೆಗೆ ಈ ಮಾತು ನಾನು ಹೇಳಿಲ್ಲ. ಎಲ್ಲ ಖರ್ಚಾಯಿತು ಎಂದೆ. ಅವರು ನನ್ನ ಮುಖವನ್ನು ನೋಡಿ ಒನಕೆಯನ್ನು ಮೂಲೆಗೆ ಒರಗಿಸಿದರು.

ಈಗ ನಾನು ಹರಿಹರದ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತೇನೆ. ಮನೆ ನಡೆಯುತ್ತದೆ. ಅತ್ತೆ ಮೊದಮೊದಲು ಹಿಟ್ಟು ನಾದಿಕೊಡುತ್ತಿದ್ದರು, ಈಚೆಗೆ ಅದನ್ನೂ ಬಿಟ್ಟಿದ್ದಾರೆ. ಊಟಕ್ಕೆ ಕೂತರೆ ಬರೀ ಮಜ್ಜಿಗೆ ಹಾಕಿಸಿಕೊಳ್ಳುತ್ತಾರೆ. ನಾಲಿಗೆಗೆ ಏನೂ ತಿಳಿಯುವುದಿಲ್ಲ ಎನ್ನುತ್ತಾರೆ. ಡಾಕ್ಟರು ನೋಡಿ ವಯಸ್ಸು ಎಂದರು.

ಹೋದ ವಾರ ಬೆಳಿಗ್ಗೆ ನಾನು ಖಾನಾವಳಿಗೆ ಕೊಟ್ಟು ಬರುವಷ್ಟರಲ್ಲಿ ಅವರು ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. ಎಲ್ಲಿಗೆ ಎಂದೆ. "ಹಳಿ ಪಕ್ಕದ ಮನೀಗೆ" ಎಂದರು. "ಬೂಬಮ್ಮನ ಕಡೆಯವ್ರು ಯಾರಾದ್ರೂ ಇದ್ರ ಕೇಳಿ ಬರನ. ಮಕ್ಕಳಿಗೆ ಕಲಿಸಿರ್ತಾಳ ಆಕಿ. ಒಂದ್ಸಲ ಬಾಯಿಗೆ ಬಿದ್ರ ನನಗ ನೆನಪಾಗತೈತೆ."

ಕರೆದುಕೊಂಡು ಹೋದೆ. ಆ ಬಾಡಿಗೆ ಮನೆಗಳ ಸಾಲು ಇಲ್ಲ. ಅಲ್ಲೊಂದು ಕಾಂಪೌಂಡು ಗೋಡೆ, ಒಳಗೆ ಸಿಮೆಂಟ್ ಇಟ್ಟಿಗೆ ಜೋಡಿಸಿದ್ದರು. ಅತ್ತೆ ಗೋಡೆಯುದ್ದಕ್ಕೂ ನಡೆದು ಒಂದು ಕಡೆ ನಿಂತು, ಇಲ್ಲಿ ನಮ್ಮದು, ಇಲ್ಲಿ ಅವರದು ಎಂದು ತೋರಿಸಿದರು. ಹತ್ತಿರದ ಚಹಾದಂಗಡಿಯಲ್ಲಿ ಟೋಪಿ ಹಾಕಿದ ಒಬ್ಬ ಮುದುಕರು ಕೂತಿದ್ದರು. ಅತ್ತೆ ನೇರ ಅವರ ಮುಂದೆ ಹೋಗಿ ನಿಂತರು.

"ಇಲ್ಲಿ ಹಿಂದ ಒಬ್ಬ ಬೂಬಮ್ಮ ಇದ್ಲು. ಗಂಡ ಸ್ಟೇಷನ್ನಾಗ ಹಮಾಲಿ ಮಾಡ್ತಿದ್ದ. ಪುಂಡಿ ಒಣಗಿಸಿ ಗುರೆಳ್ಳಿನ್ಯಾಗ ಹಾಕ್ತಿದ್ಲು. ನಿಮಗ ಗೊತ್ತೇನಣ್ಣ?"

"ಹೆಸರೇನ್ರಿ?" ಎಂದರು ಅವರು.

ಅತ್ತೆ ನನ್ನ ಕಡೆ ನೋಡಿದರು. "ಹೆಸರು ಗೊತ್ತಿಲ್ಲ" ಎಂದರು.

ಅವರು ಬಹಳ ಹೊತ್ತು ನೆನಪು ಮಾಡಿಕೊಂಡರು. ಯಾರು ಯಾರನ್ನೋ ಹೇಳಿದರು, ಯಾರೂ ಹೊಂದಲಿಲ್ಲ. ಹಮಾಲಿ ಮಾಡುವವರು ಎಷ್ಟೋ ಜನ ಬಂದರು ಹೋದರು ಎಂದರು. ಸ್ಟೂಲು ಸರಿಸಿ ಅತ್ತೆಯನ್ನು ಕೂರಿಸಿ ಚಹಾ ಕೊಡಿಸಿದರು. ಅತ್ತೆ ಚಹಾ ಕುಡಿದು ಲೋಟ ಕೆಳಗಿಟ್ಟು, ಹಳಿಯ ಆಚೆಗಿನ ಮನೆಗಳ ಕಡೆ ನೋಡಿದರು.

"ಆ ಕಡೆ ಒಂದು ಓಣಿ ಕಾಣಸ್ತೈತಲ್ಲ" ಎಂದು ನನ್ನ ಕೈ ಹಿಡಿದು ಎದ್ದರು. "ಅಲ್ಲೂ ಕೇಳನ ಬಾ."